ಪುಟ್ಟಸ್ವಾಮಿ ಕಾಯುತ್ತಿದ್ದ ಬಸ್ಸು

ಹೋದ ವಾರದ ‘ಅರಿಶಿನ ಹೊಸಿಲು’ ಕಂತು ಹೇಗಿತ್ತು ಎಂದು ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ, ಯಾರ ಮನೆಯದು ಎಂದು ನಾನು ತಿರುಗಿ ಕೇಳುತ್ತೇನೆ. ಲೀಲಮ್ಮನ ಮನೆಯದಾದರೆ ಬಹಳ ಚೆನ್ನಾಗಿತ್ತು. ಅತ್ತೆ ರತ್ನಮಾಲಾ ಸೊಸೆಯ ಹಾಲಿಗೆ ಮದ್ದು ಬೆರೆಸಲು ಹೋಗಿ, ಸಕ್ಕರೆ ಡಬ್ಬಿ ಯಾವುದು ಮದ್ದಿನ ಡಬ್ಬಿ ಯಾವುದು ಎಂದು ತನಗೇ ಮರೆತುಹೋಗಿ, ಎರಡರಿಂದಲೂ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಸೊಸೆಯ ಕೈಲೇ ಗಂಜಿ ಕುಡಿಸಿಕೊಂಡು ಮಲಗಿದಳು. ಅದೇ ಕಂತು ಪೋಸ್ಟ್‌ಮ್ಯಾನ್ ಮನೆಯದಾದರೆ ನನಗೆ ಹಿಡಿಸಲಿಲ್ಲ. ಅಲ್ಲಿ ಹಾಲಿನ ಲೋಟ ಸೊಸೆ ಹೇಮಲತಾಳ ತುಟಿಯ ಹತ್ತಿರ ಹೋಗಿ ನಿಂತದ್ದು ನಿಂತೇ ಇತ್ತು. ಮನೆಯವರೆಲ್ಲರ ಮುಖವನ್ನೂ ಒಂದು ಸುತ್ತು ತೋರಿಸಿದರು, ಸಾಲದೆಂದು ಮತ್ತೊಂದು ಸುತ್ತು ತೋರಿಸಿದರು, ಪ್ರತಿ ಮುಖಕ್ಕೂ ಒಂದು ಗುಡುಗು. ಅಡುಗೆಮನೆಯೊಳಗೆ ಗುಡುಗು ಎಲ್ಲಿಂದ ಬರಬೇಕು? ಇನ್ನು ದೇವೀರಮ್ಮನ ಮನೆಯಲ್ಲಿ ಹಾಲಿನ ಸುದ್ದಿಯೇ ಇರಲಿಲ್ಲ. ಅಲ್ಲಿ ಕಂತಿನ ತುಂಬ ಒಬ್ಬಳು ಅಜ್ಜಿ. ಊರಿನ ಬೇರೆ ಯಾವ ಮನೆಯ ಟಿವಿಯಲ್ಲೂ ಇಲ್ಲದ ಆ ಅಜ್ಜಿ ಬೆತ್ತದ ಕುರ್ಚಿಯಲ್ಲಿ ಕೂತು ರತ್ನಮಾಲಾಗೂ ಹೇಮಲತಾಗೂ ಬುದ್ಧಿ ಹೇಳುತ್ತಿದ್ದಳು, ಅವರಿಬ್ಬರೂ ‘ಹೂಂ ಅಜ್ಜಿ, ಹೂಂ ಅಜ್ಜಿ’ ಎನ್ನುತ್ತಿದ್ದರು. ಅಜ್ಜಿಯ ಸೀರೆಯ ಅಂಚು ಚೆನ್ನಾಗಿತ್ತು ಎಂದಷ್ಟೇ ಹೇಳಿ ನಾನು ಎದ್ದುಬಂದೆ.

ನಮ್ಮೂರಿನಲ್ಲಿ ಧಾರಾವಾಹಿ ಒಂದೇ, ಹೊತ್ತು ಒಂದೇ, ಕೇಬಲ್ಲೂ ಒಂದೇ. ಕಂತು ಮಾತ್ರ ಮನೆಗೊಂದು. ಇದಕ್ಕೆ ತಕ್ಕಂತೆ ನಾವೂ ಬದುಕುವುದನ್ನು ಕಲಿತಿದ್ದೇವೆ. ಗಂಡ ಹೆಂಡತಿ ಮಾತು ಬಿಟ್ಟ ದಿನ ಟಿವಿಯ ಮೇಲೆ ಟವೆಲ್ ಹೊದಿಸುತ್ತಾರೆ. ಪಕ್ಕದ ಮನೆಯ ಕಿಟಕಿಯಿಂದ ಸದ್ದು ಬಂದರೆ ನಾವು ಮಿಕ್ಸಿ ಹಾಕಿಕೊಳ್ಳುತ್ತೇವೆ, ಅದು ಮರ್ಯಾದೆ. ಬೇರೆ ಊರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರು ಮೊದಮೊದಲು ಕೇಬಲ್ ಕೆಟ್ಟಿದೆ ಎಂದು ಕೇಬಲ್ ನಡೆಸುವ ರುದ್ರಮುನಿಗೆ ಫೋನ್ ಮಾಡಿ ಮಾಡಿ ಅವನ ತಲೆ ತಿಂದರು. ಆಮೇಲೆ ಒಂದು ದಿನ ಅವರ ಮನೆಯ ಟಿವಿಯ ರತ್ನಮಾಲಾ, ಮ್ಯಾನೇಜರರ ಹೆಂಡತಿ ದಿನವೂ ಆಡುವ ಮಾತನ್ನೇ ಆಡಿದಳಂತೆ. ಅಂದಿನಿಂದ ಅವರು ಫೋನ್ ಮಾಡಲಿಲ್ಲ, ಸಂಜೆ ವಾಕಿಂಗ್ ಹೋಗತೊಡಗಿದರು.

ನನ್ನ ಹೆಸರು ಅಂಬುಜಾಕ್ಷಿ. ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ರವಿಕೆ ಹೊಲಿಯುತ್ತೇನೆ. ಹೆಮ್ಮಿಂಗ್ ಮುಗಿಸಿ, ಹುಕ್ಕು ಹಾಕಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ರವಿಕೆ ಕೊಡಲು ಮನೆಮನೆಗೆ ಹೋಗುವುದು ನನ್ನ ರೂಢಿ. ಹೋದಲ್ಲಿ ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಟಿವಿ ಓಡುತ್ತಿರುತ್ತದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಬಾಯಿ ನನ್ನದು. ಅದು ರುದ್ರಮುನಿಯ ಕಿವಿಗೆ ಬಿದ್ದು, ಅವನು ನನ್ನನ್ನು ಕರೆದು ಭಾನುವಾರ ಬೆಳಿಗ್ಗೆ ತನ್ನ ಲೋಕಲ್ ಚಾನೆಲ್ಲಿನಲ್ಲಿ ಕೂರಿಸಿದ. ಜಲಪಾತದ ಚಿತ್ರವಿರುವ ಒಂದು ಪರದೆ, ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನಾನು. ಕಾರ್ಯಕ್ರಮದ ಹೆಸರು ‘ಅಂಬುಜಾಕ್ಷಿಯ ಅಭಿಪ್ರಾಯ’. ವಾರದಲ್ಲಿ ಯಾರ ಮನೆಯಲ್ಲಿ ಯಾವ ಕಂತು ನೋಡಿದೆ, ಅದರಲ್ಲಿ ಏನಾಯಿತು, ನನಗೆ ಏನನ್ನಿಸಿತು, ಇಷ್ಟನ್ನು ಹೇಳುತ್ತೇನೆ. ಬಯ್ಯಬೇಕಾದಲ್ಲಿ ಬಯ್ಯುತ್ತೇನೆ. ಅಂಥ ವಾರ ಆ ಮನೆಯವರು ನನ್ನ ಬಳಿ ರವಿಕೆ ಹೊಲಿಸುವುದಿಲ್ಲ, ಮುಂದಿನ ಹಬ್ಬಕ್ಕೆ ತಾವೇ ಬರುತ್ತಾರೆ. ನನ್ನಷ್ಟು ಚೆನ್ನಾಗಿ ತೋಳು ಕೂರಿಸುವವರು ಊರಲ್ಲಿ ಇನ್ನಾರು?

ಇದರಿಂದಲೇ ಒಂದು ಶಾಸ್ತ್ರವೂ ಹುಟ್ಟಿಕೊಂಡಿತು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಕಂತು ನೋಡುವ ಶಾಸ್ತ್ರ. ಗಂಡಿನ ಕಡೆಯವರ ಪರವಾಗಿ ನಾನು ಹೆಣ್ಣಿನ ಮನೆಗೆ ಹೋಗಿ ‘ಅರಿಶಿನ ಹೊಸಿಲು’ ಒಂದು ಕಂತು, ಅದರ ಬೆನ್ನಿಗೇ ಬರುವ ನಗೆ ಧಾರಾವಾಹಿ ‘ಪುಟ್ಟಸ್ವಾಮಿ ಪರದಾಟ’ ಒಂದು ಕಂತು ನೋಡಬೇಕು, ಭಾನುವಾರ ಊರಿಗೆಲ್ಲ ಕೇಳುವಂತೆ ಹೇಳಬೇಕು. ಗಂಡಿನ ಮನೆಯ ಕಂತನ್ನೂ ನೋಡಬೇಕು ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ, ಯಾರೂ ಕೇಳಿಸಿಕೊಂಡಿಲ್ಲ.

ಊರಿನವರೆಲ್ಲರ ಕಂತಿನ ಬಗ್ಗೆ ಇಷ್ಟು ಮಾತಾಡುವ ನಾನು ನನ್ನ ಮನೆಯ ಕಂತಿನ ಬಗ್ಗೆ ಮಾತ್ರ ಬಾಯಿ ಬಿಟ್ಟವಳಲ್ಲ. ಕೇಳಿದರೆ, ಹೊಲಿಗೆಯ ಸದ್ದಲ್ಲಿ ಏನೂ ಕೇಳಿಸುವುದಿಲ್ಲಪ್ಪ ಎಂದು ತೇಲಿಸಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅಮ್ಮ ಹೋದ ಮೇಲೆ ನನ್ನ ಮನೆಯ ಪುಟ್ಟಸ್ವಾಮಿ ಒಂದು ಬಸ್‌ಸ್ಟಾಪಿನಲ್ಲಿ ಕೂತುಬಿಟ್ಟಿದ್ದ. ಮೂಲೆ ಮುರಿದ ಸಿಮೆಂಟ್ ಬೆಂಚು, ಹಿಂದೆ ಅರ್ಧ ಹರಿದ ಸರ್ಕಸ್ ಪೋಸ್ಟರು. ಕಡಲೆಕಾಯಿ ಪೊಟ್ಟಣ ಹಿಡಿದು ಒಂದೊಂದೇ ಬಿಡಿಸಿ ತಿನ್ನುತ್ತ, ಕತ್ತು ಚಾಚಿ ರಸ್ತೆ ನೋಡುತ್ತ ಇಡೀ ಕಂತು ಕಳೆಯುತ್ತಿದ್ದ. ಬಸ್ಸು ಬರುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಅವನು ಹಳೆ ಸ್ಕೂಟರ್ ಕೊಂಡು ಅದನ್ನು ಹಿಮ್ಮುಖವಾಗಿ ಓಡಿಸುತ್ತಾನೆ, ಮಾವನ ಕೋಟು ಹಾಕಿಕೊಂಡು ಮದುವೆಗೆ ಹೋಗಿ ಮದುಮಗನ ಜಾಗದಲ್ಲಿ ಕೂತು ಒದೆ ತಿನ್ನುತ್ತಾನೆ, ಹೆಂಡತಿ ಜಲಜಾ ಸೌಟು ಹಿಡಿದು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತಾಳೆ. ನನ್ನ ಮನೆಯಲ್ಲಿ ಜಲಜಾ ಇರಲೇ ಇಲ್ಲ. ನಮ್ಮೂರಲ್ಲಿ ಬಸ್‌ಸ್ಟಾಪ್ ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಯಾರೂ ಹೋಗದ, ಯಾರೂ ಬರದ ಮನೆಯಲ್ಲಿ ಬಸ್‌ಸ್ಟಾಪ್ ಬರುತ್ತದೆ. ಅಂಥ ಮನೆಗೆ ಹೆಣ್ಣು ಕೊಡುವುದೂ ಇಲ್ಲ, ಅಲ್ಲಿಂದ ತರುವುದೂ ಇಲ್ಲ. ಹಾಗಾಗಿ ನಾನು ಸಂಜೆಯಾದರೆ ಸಾಕು, ರವಿಕೆ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿದ್ದೆ.

ಈ ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ವಾರಿಜಾ ನನ್ನ ಅಂಗಡಿಗೆ ಬಂದಳು. ಕಾಂಡಿಮೆಂಟ್ಸ್ ಅಂಗಡಿ ಚೆಲುವರಾಜುವಿನ ಮಗಳು, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ತಾಯಿಯಿಲ್ಲದ ಹುಡುಗಿ. ಮಿಕ್ಸಿ ರಿಪೇರಿ ಮಾಡುವ ಚಂದ್ರಹಾಸನನ್ನು ಅವಳು ಇಷ್ಟಪಟ್ಟಿದ್ದಳು, ಅವನೂ ಎರಡು ವರ್ಷದಿಂದ ಒಂದೇ ಬಿಲ್ಲನ್ನು ದಿನವೂ ಜೆರಾಕ್ಸ್ ಮಾಡಿಸುತ್ತಿದ್ದ. ಆ ಚಂದ್ರಹಾಸನ ಅಜ್ಜಿಯೇ ನಾನು ಹೇಳಿದ ದೇವೀರಮ್ಮ. ಶುಕ್ರವಾರ ಕಂತು ನೋಡುವ ಶಾಸ್ತ್ರವಾಗಲಿ, ಅಂಬುಜ ಒಪ್ಪಿದರೆ ಮುಂದಿನ ಮಾತು, ಒಪ್ಪದಿದ್ದರೆ ಇಲ್ಲ ಎಂದು ಆಕೆ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು.

“ಅತ್ತೆ, ನಮ್ಮನೇಲಿ ಏನೂ ಆಗಲ್ಲ,” ಎಂದಳು ವಾರಿಜಾ, ಅಳು ಮುಖ ಮಾಡಿಕೊಂಡು.

“ಏನೂ ಆಗಲ್ಲ ಅಂದ್ರೆ?”

“ಕಂತಲ್ಲಿ. ರತ್ನಮಾಲಾನೂ ಹೇಮಲತಾನೂ ಮೊರ ಮುಂದಿಟ್ಕೊಂಡು ಕೂತ್ಕೋತಾರೆ. ಅವರೇಕಾಳು ಹಿತಕ್ತಾರೆ. ‘ನೀರಲ್ಲಿ ಇನ್ನೊಂಚೂರು ನೆನೀಬೇಕಿತ್ತು ಕಣೆ’ ಅಂತಾಳೆ ಅತ್ತೆ. ‘ಹೌದತ್ತೆ’ ಅಂತಾಳೆ ಸೊಸೆ. ಅಷ್ಟರಲ್ಲಿ ಕಂತು ಮುಗಿದೋಗುತ್ತೆ.”

“ನೀವೂ ಅದೇ ಹಿತಕ್ತಾ ಕೂತಿರ್ತೀರ?”

“ಇನ್ನೇನ್ ಮಾಡೋದು, ಬೆಳಿಗ್ಗೆ ಅಂಗಡೀಗೆ ಕರಿದ ಬೇಳೆ ಬೇಕಲ್ಲ. ಅಪ್ಪಂಗೆ ಒಂದೇ ಯೋಚ್ನೆ, ಇದನ್ನ ನೋಡಿ ನೀವು ಆಕಳಿಸ್ತೀರ ಅಂತ.”

ನೋಡಿದ್ದನ್ನೇ ಹೇಳುತ್ತೇನೆ ಮಗು, ಇಲ್ಲದ್ದನ್ನು ಹೇಳಿ ಎನ್ನಬೇಡ ಎಂದೆ. ಅವಳೂ ಹಾಗೆ ಕೇಳಲು ಬಂದಿರಲಿಲ್ಲ. ರವಿಕೆಯ ಕತ್ತು ಇನ್ನೊಂದು ಬೆರಳು ಇಳಿಸಿ ಎಂದು ಅಳತೆ ಕೊಟ್ಟು ಹೋದಳು.

ಶುಕ್ರವಾರ ಸಂಜೆ ಚೆಲುವರಾಜುವಿನ ಮನೆಯ ಬಾಗಿಲಲ್ಲಿ ನಿಂತರೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಒಳಗೆ ಹಾಲ್‌ನಲ್ಲಿ ಲೀಲಮ್ಮ, ಅವಳ ಗಂಡ ಡ್ರಿಲ್ ಮೇಷ್ಟ್ರು, ಅವರ ಮಕ್ಕಳು, ಎಲ್ಲರೂ ತಲೆ ಬಾಚಿಕೊಂಡು ಸಾಲಾಗಿ ಕೂತಿದ್ದಾರೆ. ಇನ್ನೊಂದು ಕಡೆ ಪೋಸ್ಟ್‌ಮ್ಯಾನ್ ದಂಪತಿ ಸೋಫಾದ ಮೇಲೆ ಗಂಭೀರವಾಗಿ ಕೂತಿದ್ದಾರೆ. ಚೆಲುವರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆವರುತ್ತಿದ್ದ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಗು ಬೇಕು ಎಂದು ಲೀಲಮ್ಮನ ಸಂಸಾರವನ್ನೂ, ಒಂದಿಷ್ಟು ಕಥೆ ನಡೆಯಲಿ ಎಂದು ಪೋಸ್ಟ್‌ಮ್ಯಾನ್ ಸಂಸಾರವನ್ನೂ ಎರವಲು ತಂದು ಕೂರಿಸಿದ್ದ.

“ಇವ್ರೆಲ್ಲಾ ಸುಮ್ನೆ ಬಂದವ್ರೆ,” ಎಂದ ಚೆಲುವರಾಜು.

“ಸುಮ್ನೆ ಬಂದಿದೀವಿ,” ಎಂದರು ಎಲ್ಲರೂ ಒಟ್ಟಿಗೆ, ಡ್ರಿಲ್ ಮೇಷ್ಟ್ರು ಕಲಿಸಿದ ಹಾಗೆ.

ಟಿವಿ ಹಾಕಿದರು. ಅಯ್ಯೋ, ಆ ಕಂತಿನ ಬಗ್ಗೆ ನನ್ನ ಅಭಿಪ್ರಾಯ ಏನೆಂದು ಹೇಳಲಿ! ರತ್ನಮಾಲಾ ಹೇಮಲತಾಳಿಗೆ ಹೊಡೆಯಲು ಕೈ ಎತ್ತಿದಳು, ಗುಡುಗಿತು. ಎತ್ತಿದ ಕೈ ಅರ್ಧದಲ್ಲಿ ನಿಂತು ಸೊಸೆಯ ತಲೆ ನೇವರಿಸಿತು, ಆಗಲೂ ಗುಡುಗಿತು. ಹೇಮಲತಾ ಒಂದು ಮಾತು ಅಳುತ್ತಾ ಶುರು ಮಾಡಿ ನಗುತ್ತಾ ಮುಗಿಸಿದಳು. ಹಾಲಿನ ಲೋಟ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಯಾರು ಕುಡಿಯಬೇಕೆಂದು ಗೊತ್ತಾಗದೆ ಮತ್ತೆ ಒಲೆಯ ಮೇಲೆ ಬಂದು ಕೂತಿತು. ನಡುನಡುವೆ ಇಬ್ಬರೂ ಎಲ್ಲಿಂದಲೋ ಒಂದು ಮೊರ ಎಳೆದುಕೊಂಡು ಹಿತಕಲು ಕೂರುತ್ತಿದ್ದರು, ಕೂತ ತಕ್ಷಣ ಗುಡುಗು ಎಬ್ಬಿಸಿಬಿಡುತ್ತಿತ್ತು. ಕೊನೆಗೆ ಪುಟ್ಟಸ್ವಾಮಿ ತನ್ನ ಸ್ಕೂಟರ್ ಸಮೇತ ಅವರ ನಡುಮನೆಗೇ ನುಗ್ಗಿ, ಸುತ್ತ ನೋಡಿ, “ಇನ್ನೂ ನಮ್ ಹೊತ್ತಾಗಿಲ್ವಾ?” ಎಂದು ಕೇಳಿ, ಬಂದ ಹಾಗೆಯೇ ಹಿಮ್ಮುಖವಾಗಿ ಹೊರಟುಹೋದ. ಲೀಲಮ್ಮನ ಮಕ್ಕಳು ಬಿದ್ದು ಬಿದ್ದು ನಕ್ಕರು. ಪೋಸ್ಟ್‌ಮ್ಯಾನ್ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೆಲುವರಾಜು ಮಾತ್ರ ಗೋಡೆ ಹಿಡಿದು ನಿಂತಿದ್ದ.

ಜಾಹೀರಾತು ಬಂದಾಗ ನಾನು ಎದ್ದೆ. “ಚೆಲುವರಾಜಣ್ಣ, ಮದುವೆಗೆ ಬಾಡಿಗೆ ಪಾತ್ರೆ ತರ್ತಾರೆ, ಕೇಳಿದೀನಿ. ಬಾಡಿಗೆ ಮನೆಯವ್ರನ್ನ ತರ್ತಾರೆ ಅಂತ ಗೊತ್ತಿರ್ಲಿಲ್ಲ. ಇದ್ರಲ್ಲಿ ನಿಮ್ಮ ಕಂತು ಯಾವ್ದು, ಅವ್ರ ಕಂತು ಯಾವ್ದು, ನಾನ್ ಏನಂತ ಹೇಳ್ಲಿ ಭಾನ್ವಾರ?”

“ತಪ್ಪಾಯ್ತು ಅಂಬುಜಮ್ನೋರೆ. ಹುಡ್ಗಿ ಬಾಳ್ವೆ... ನಂಗೆ ದಿಕ್ಕೇ ತೋಚ್ಲಿಲ್ಲ.”

ಲೀಲಮ್ಮ ಒಳ್ಳೆಯ ಹೆಂಗಸು. ಯಾರೂ ಹೇಳುವ ಮುಂಚೆ ತಾನೇ ಎದ್ದು, “ನಡೀರಿ, ನಮ್ಮನೇಲೂ ಟಿವಿ ಇದೆ,” ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದಳು. ಪೋಸ್ಟ್‌ಮ್ಯಾನ್ ದಂಪತಿಯೂ ಕೊಟ್ಟ ಕೋಡುಬಳೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹಿಂದೆಯೇ ನಡೆದರು. ಹಾಲ್ ಬರಿದಾಯಿತು. ಅಪ್ಪ, ಮಗಳು, ನಾನು ಉಳಿದೆವು. ಇನ್ನು ‘ಪುಟ್ಟಸ್ವಾಮಿ ಪರದಾಟ’ ಒಂದೇ ಬಾಕಿ. ಅದರಲ್ಲಿ ಏನು ಬರುತ್ತದೋ ಅದರ ಮೇಲೆ ಹುಡುಗಿಯ ಮದುವೆ ನಿಂತಿತ್ತು.

ಹಾಡು ಮುಗಿದು ಕಂತು ಶುರುವಾಯಿತು. ಮೊದಲು ಕಂಡದ್ದು ಒಂದು ಸಿಮೆಂಟ್ ಬೆಂಚು. ಮೂಲೆ ಮುರಿದಿತ್ತು. ಹಿಂದೆ ಅರ್ಧ ಹರಿದ ಸರ್ಕಸ್ ಪೋಸ್ಟರು. ಪುಟ್ಟಸ್ವಾಮಿ ಕಡಲೆಕಾಯಿ ಪೊಟ್ಟಣ ಹಿಡಿದು ಕತ್ತು ಚಾಚಿ ರಸ್ತೆ ನೋಡುತ್ತಿದ್ದ.

ನನ್ನ ಮನೆಯ ಬಾಗಿಲಿಗೆ ಬೀಗ ಹಾಕಿ, ರವಿಕೆಗಳನ್ನು ಎತ್ತಿಕೊಂಡು, ಊರೆಲ್ಲ ಸುತ್ತಿ ನಾನು ತಪ್ಪಿಸಿಕೊಳ್ಳುತ್ತಿದ್ದುದು ಇಲ್ಲಿಗೇ ನನ್ನ ಹಿಂದೆ ಬಂದು ಕೂತಿತ್ತು. ಅಷ್ಟು ವರ್ಷ ಬೇರೆ ಮನೆಗಳಲ್ಲಿ ನಾನಿದ್ದಾಗ ಎಂದೂ ಹೀಗಾಗಿರಲಿಲ್ಲ. ಆ ಮನೆಗಳಲ್ಲಿ ಜನ ತುಂಬಿರುತ್ತಿದ್ದರು, ನಾನು ಒಂದು ಮೂಲೆಯಲ್ಲಿ ಇರುತ್ತಿದ್ದೆ. ಇಲ್ಲಿ ಇದ್ದವರೇ ಮೂವರು.

“ಇದ್ಯಾವ್ದಿದು ಬಸ್‌ಸ್ಟಾಪು?” ಎಂದ ಚೆಲುವರಾಜು. “ನಮ್ಮನೇಲಿ ಯಾವತ್ತೂ ಬಂದಿಲ್ಲ ಅಂಬುಜಮ್ನೋರೆ. ನಮ್ಮಪ್ಪನಾಣೆ ಬಂದಿಲ್ಲ. ನಮ್ ಪುಟ್ಟಸ್ವಾಮಿ ಅಂಗ್ಡಿ ಬಿಟ್ಟು ಹೊರ್ಗೇ ಹೋಗಲ್ಲ.”

ನನ್ನದು ಎನ್ನಲು ಬಾಯಿ ಬರಲಿಲ್ಲ, ನಿಮ್ಮದು ಎನ್ನಲು ಮನಸ್ಸು ಬರಲಿಲ್ಲ. ವಾರಿಜಾ ನನ್ನ ಮುಖ ನೋಡಿದಳು, ಟಿವಿ ನೋಡಿದಳು. ಎದ್ದು ಒಳಗೆ ಹೋಗಿ ನೆನೆಹಾಕಿದ್ದ ಅವರೆಕಾಳಿನ ಬೇಸನ್ನು, ಮೂರು ತಟ್ಟೆ ತಂದು ನಡುವೆ ಇಟ್ಟಳು.

“ಕೈ ಸುಮ್ನೆ ಯಾಕಿರ್ಬೇಕು, ಹಿತಕಿ ಅತ್ತೆ,” ಎಂದಳು.

ಹೆದರಿಕೆಗೋ ಏನೋ ನಾನೂ ಕೈ ಹಾಕಿದೆ. ಚೆಲುವರಾಜು ಇಸ್ತ್ರಿ ಅಂಗಿಯ ತೋಳು ಮಡಿಚಿ ನೆಲಕ್ಕೆ ಕೂತ. ಟಿವಿಯಲ್ಲಿ ಸ್ವಲ್ಪ ಹೊತ್ತು ಬರೀ ರಸ್ತೆ. ಆಮೇಲೆ ರಸ್ತೆಯ ಆ ತುದಿಯಿಂದ ಯಾರೋ ಬರುವುದು ಕಂಡಿತು. ಹತ್ತಿರ ಬಂದಾಗ ನೋಡಿದರೆ ಜಲಜಾ! ಸೊಂಟದಲ್ಲಿ ಒಂದು ಬೇಸನ್ನು. ಬಂದವಳೇ ಪುಟ್ಟಸ್ವಾಮಿಯ ಪಕ್ಕ ಧೊಪ್ಪನೆ ಕೂತು, ಅವನ ಕೈಯ ಪೊಟ್ಟಣ ಕಿತ್ತು ಸೊಂಟಕ್ಕೆ ಸಿಕ್ಕಿಸಿ, “ಬಸ್ ಬಂದಾಗ ಬರುತ್ತೆ. ಅಲ್ಲೀವರ್ಗೂ ಹಿತಕ್ರಿ,” ಎಂದು ಬೇಸನ್ನನ್ನು ಅವನ ತೊಡೆಯ ಮೇಲೆ ಇಟ್ಟಳು.

ಮುಂದಿನದನ್ನು ನೆನೆದರೆ ಈಗಲೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಪುಟ್ಟಸ್ವಾಮಿ ಮೊದಲ ಕಾಳು ಹಿತಕಿದ. ಬೇಳೆ ಪುಳಕ್ಕನೆ ಹಾರಿ ರಸ್ತೆಯ ನಡುವೆ ನಿಂತಿದ್ದ ಟ್ರಾಫಿಕ್ ಪೊಲೀಸಿನ ಮೂಗಿಗೆ ಬಿತ್ತು. ಪೊಲೀಸು ಆಕಾಶ ನೋಡಿದ. ಎರಡನೆಯದು ಅವನ ಸೀಟಿಯೊಳಗೇ ಹೋಗಿ ಕೂತಿತು. ಅವನು ಊದಿದರೆ ಸದ್ದಿಲ್ಲ, ಕೆನ್ನೆ ಮಾತ್ರ ಉಬ್ಬಿತು, ಲಾರಿಗಳೆಲ್ಲ ಅಡ್ಡಾದಿಡ್ಡಿ ನಿಂತುಬಿಟ್ಟವು. ಪೊಲೀಸು ಲಾಠಿ ಎತ್ತಿಕೊಂಡು ಓಡಿಬಂದ. ಜಲಜಾ ತಲೆಯನ್ನೂ ಎತ್ತದೆ, “ಬನ್ನಿ ಅಣ್ಣ, ಕೂತ್ಕೊಳಿ, ಸಿಪ್ಪೆ ಆ ಕಡೆ ಹಾಕಿ,” ಎಂದಳು. ಅವನು ಅರೆಕ್ಷಣ ಅವಳ ಮುಖ ನೋಡಿ, ಟೋಪಿ ತೆಗೆದು ಪಕ್ಕಕ್ಕಿಟ್ಟು, ಕೂತು ಹಿತಕಲು ಶುರು ಮಾಡಿದ. ಲಾರಿ ಡ್ರೈವರುಗಳು ಒಬ್ಬೊಬ್ಬರೇ ಇಳಿದು ಬಂದರು. ಒಂದು ಮೇಕೆ ಬಂದು ಸಿಪ್ಪೆ ಮೇದು, ಬಾಯಿ ರುಚಿಗೆ ಪೊಲೀಸಿನ ಟೋಪಿಯನ್ನೂ ಕಚ್ಚಿಕೊಂಡು ಹೊರಟುಹೋಯಿತು. ಆ ಹೊತ್ತಿಗೆ ನನ್ನ ಕೈಯ ಕಾಳೂ ಹಾರಿ ಚೆಲುವರಾಜುವಿನ ಕನ್ನಡಕಕ್ಕೆ ಬಡಿಯಿತು. ಅವನು ಥೇಟ್ ಆ ಪೊಲೀಸಿನ ಹಾಗೆ ಮೇಲೆ ನೋಡಿದ. ವಾರಿಜಾ ಕಿಸಕ್ಕೆಂದಳು. ನಾನು ನಕ್ಕೆ. ಅಮ್ಮ ಹೋದ ಮೇಲೆ ಅಷ್ಟು ನಕ್ಕಿರಲಿಲ್ಲ. ಬಿಕ್ಕಳಿಕೆ ಹತ್ತಿಕೊಂಡಿತು, ಕಣ್ಣಲ್ಲಿ ನೀರು ಬಂತು, ನೀರು ಕುಡಿಯಲು ಹೋಗಿ ಅದೂ ಮೂಗಿಗೆ ಹತ್ತಿತು. ಕಂತು ಮುಗಿಯುವವರೆಗೂ ಬಸ್ಸು ಬರಲಿಲ್ಲ. ಬರಲಿಲ್ಲ ಎಂಬುದು ನನಗೆ ನೆನಪಾದದ್ದು ಹೆಸರುಗಳು ಓಡುವಾಗ.

ಹೊರಡುವಾಗ ಚೆಲುವರಾಜು ಬಾಗಿಲ ತನಕ ಬಂದು ಕೈ ಮುಗಿದ. “ಬಸ್ ಬಂತು ಅಂತ ಒಂದ್ ಮಾತು ಸೇರ್ಸಿಬಿಡಿ ಅಂಬುಜಮ್ನೋರೆ. ಬಸ್‌ಸ್ಟಾಪ್ ಅಂದ್ರೆ ದೇವೀರಮ್ಮ ಎದ್ದೋಯ್ತಾರೆ.”

“ಅಪ್ಪಾ, ಬೇಡ,” ಎಂದಳು ವಾರಿಜಾ. ಬೀದಿಯ ತಿರುವಿನವರೆಗೂ ನನ್ನ ಜೊತೆ ನಡೆದು ಬಂದು, ಮೆಲ್ಲಗೆ ಹೇಳಿದಳು. “ಆ ಬಸ್‌ಸ್ಟಾಪು ನಮ್ಮನೇದಲ್ಲ ಅತ್ತೆ. ಯಾರ್ದು ಅಂತ ನಾನ್ ಕೇಳಲ್ಲ, ಯಾರ್ಗೂ ಹೇಳೋದೂ ಇಲ್ಲ. ನೀವು ಏನ್ ಹೇಳಿದ್ರೂ ನಂಗೆ ಬೇಜಾರಿಲ್ಲ.”

ನನಗೆ ಅವಳ ಮೇಲೆ ಸಿಟ್ಟೇ ಬಂತು. ಇಷ್ಟು ಒಳ್ಳೆಯವರಾದರೆ ಎದುರಿಗಿರುವವರು ಏನು ಮಾಡಬೇಕು?

ಶನಿವಾರವಿಡೀ ಮಷಿನ್ ತುಳಿಯುತ್ತ ಯೋಚಿಸಿದೆ. ನೋಡಿದ್ದನ್ನು ಹೇಳಿ ಸುಮ್ಮನಾದರೆ ಬಸ್‌ಸ್ಟಾಪು ಅವರ ಹೆಸರಿಗೆ ಅಂಟಿಕೊಳ್ಳುತ್ತದೆ, ಮದುವೆ ಮುರಿಯುತ್ತದೆ. ಬಸ್ಸು ಬಂತೆಂದು ಸುಳ್ಳು ಹೇಳಿದರೆ ಇನ್ನು ಮುಂದೆ ನನ್ನ ಅಭಿಪ್ರಾಯಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಉಳಿದದ್ದು ಒಂದೇ ದಾರಿ. ಅದನ್ನು ನೆನೆದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ಊರಿಗೆಲ್ಲ ಮೂಗು ತೂರಿಸುವ ಅಂಬುಜಾಕ್ಷಿಯ ಮನೆಗೆ ಯಾರೂ ಬರುವುದಿಲ್ಲವಂತೆ ಎಂದು ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಾರೆ. ಅಯ್ಯೋ ಪಾಪ ಎನ್ನುತ್ತಾರೆ. ಬಯ್ದರೆ ತಿರುಗಿ ಬಯ್ಯಬಹುದು, ಪಾಪ ಎಂದರೆ ಏನೆನ್ನುವುದು? ಎರಡು ರವಿಕೆಗೆ ತೋಳು ಅದಲುಬದಲು ಹೊಲಿದು ಬಿಚ್ಚಿದೆ.

ಭಾನುವಾರ ಜಲಪಾತದ ಮುಂದೆ ಕೂತೆ. ರುದ್ರಮುನಿ ಕೈ ಎತ್ತಿ ಸನ್ನೆ ಮಾಡಿದ.

ಲೀಲಮ್ಮನ ಮನೆಯ ಮದ್ದಿನ ಡಬ್ಬಿಯ ಕಂತನ್ನು ಹೊಗಳಿದೆ, ಪೋಸ್ಟ್‌ಮ್ಯಾನ್ ಮನೆಯ ಗುಡುಗನ್ನು ಬಯ್ದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದೆ. “ಶುಕ್ರವಾರ ಚೆಲುವರಾಜಣ್ಣನ ಮನೇಲಿ ಪುಟ್ಟಸ್ವಾಮಿ ನೋಡ್ದೆ. ಬಸ್‌ಸ್ಟಾಪಲ್ಲಿ ಕೂತಿದ್ದ. ಆ ಬಸ್‌ಸ್ಟಾಪು ಅವರದಲ್ಲ, ನಂದು. ನಮ್ಮಮ್ಮ ಹೋದಾಗಿಂದ ನಮ್ಮನೇಲಿ ಅವನು ಅಲ್ಲೇ ಕೂತಿದಾನೆ. ಬೆಂಚಿನ ಮೂಲೆ ಮುರಿದಿದೆ, ಬೇಕಾದ್ರೆ ಬಂದು ನೋಡ್ಕೊಳಿ. ನಾನ್ ಅವರ ಮನೆಗೆ ಹೋದಾಗ ಅದೂ ನನ್ ಜೊತೆ ಬಂತು. ಅವರು ಅದನ್ನ ಆಚೆಗೆ ಹಾಕ್ಲಿಲ್ಲ. ಜಲಜಾನ ಕಳ್ಸಿದ್ರು. ವಾರಿಜಾ ಅವರೇಕಾಳಿನ ಬೇಸನ್ ತಂದಿಟ್ಟು ಕೆಲ್ಸ ಕೊಟ್ಳು. ನಾನು ಬಿಕ್ಕಳಿಕೆ ಬರೋ ಹಂಗೆ ನಕ್ಕೆ. ಇಷ್ಟು ವರ್ಷದಲ್ಲಿ ಈ ಊರಲ್ಲಿ ನಾನ್ ನೋಡಿರೋ ಕಂತುಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಇದು ನನ್ನ ಅಭಿಪ್ರಾಯ.”

ರುದ್ರಮುನಿ ಕ್ಯಾಮೆರಾ ಆರಿಸುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದ. ಆರ್ಸಪ್ಪ ಎಂದು ಗದರಿ, ಯಾರ ಮುಖವನ್ನೂ ನೋಡದೆ ಮನೆ ಸೇರಿ ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಯಾರೂ ಬರಲಿಲ್ಲ. ರವಿಕೆ ಕೊಡಲು ಹೋಗುವ ಮುಖವೂ ನನಗಿರಲಿಲ್ಲ. ಸಂಜೆಯಾಯಿತು. ಬಹಳ ದಿನಗಳ ಮೇಲೆ ನನ್ನ ಮನೆಯಲ್ಲಿ ನಾನೇ ದೀಪ ಹಚ್ಚಿ, ಟಿವಿ ಹಾಕಿಕೊಂಡು ಕೂತೆ. ಬೆಂಚು, ಪೋಸ್ಟರು, ಕಡಲೆಕಾಯಿ. ಪುಟ್ಟಸ್ವಾಮಿ ರಸ್ತೆ ನೋಡುತ್ತಿದ್ದ. ಕೂತ್ಕೋಪ್ಪ, ನಾನೂ ಇಲ್ಲೇ ಇರ್ತೀನಿ ಎಂದೆ.

ಬಾಗಿಲ ಮೇಲೆ ಕೋಲು ಬಡಿದ ಸದ್ದಾಯಿತು. ತೆರೆದರೆ ದೇವೀರಮ್ಮ, ಮೊಮ್ಮಗ ಚಂದ್ರಹಾಸನ ಭುಜ ಹಿಡಿದು ನಿಂತಿದ್ದಾಳೆ.

“ಸರ್ಕೊಳೆ,” ಎಂದಳು. “ಬೇಕಾದ್ರೆ ಬಂದು ನೋಡ್ಕೊಳಿ ಅಂದ್ಯಲ್ಲ, ನೋಡಾಕೆ ಬಂದಿವ್ನಿ. ಎಲ್ಲದೆ ನಿನ್ ಬಸ್‌ಸ್ಟಾಪು?”

“ದೇವೀರಮ್ಮ, ಹುಡುಗಿ ವಿಷ್ಯ...”

“ಅದು ಬೆಳಿಗ್ಗೇನೆ ಆಗೋಯ್ತು. ಚೆಲುವರಾಜನ ಮನೇಲಿ ಕಾಫಿ ಕುಡ್ದು ದಿನ ಕೇಳ್ಕೊಂಡ್ ಬಂದಾಯ್ತು. ನಂಟ್ರಲ್ಲದೋರ ಬಸ್‌ಸ್ಟಾಪಿಗೂ ಬೇಸನ್ ತಂದು ಇಕ್ಕೋ ಹುಡ್ಗಿ ನಮ್ಮನೇಗೆ ಬರ್ದೆ ಇನ್ನೆಲ್ಲೋಗ್ಬೇಕು? ಬುಡು ದಾರಿ.”

ಆಕೆ ಒಳಗೆ ಹೋಗಿ ನನ್ನ ಕುರ್ಚಿಯಲ್ಲೇ ಕೂತಳು. ಹಿಂದೆಯೇ ವಾರಿಜಾ ಬೇಸನ್ನು ಹೊತ್ತು ಬಂದಳು, ಚೆಲುವರಾಜು ಒಂದು ಡಬ್ಬಿ ಕೋಡುಬಳೆ ತಂದ. ಲೀಲಮ್ಮ ಮಕ್ಕಳ ಸಾಲಿನೊಂದಿಗೆ ಬಂದಳು, ಡ್ರಿಲ್ ಮೇಷ್ಟ್ರು ಸುರುಳಿ ಸುತ್ತಿದ ಚಾಪೆ ತಂದರು. ಪೋಸ್ಟ್‌ಮ್ಯಾನ್ ದಂಪತಿ, ಬ್ಯಾಂಕ್ ಮ್ಯಾನೇಜರರು ಹೆಂಡತಿಯ ಜೊತೆಯಲ್ಲಿ, ರುದ್ರಮುನಿ, ನಾನು ಬಯ್ದವರು, ನನ್ನನ್ನು ಬಯ್ದವರು, ಎಲ್ಲರೂ ಬಂದರು. ಯಾರೂ ಪಾಪ ಎನ್ನಲಿಲ್ಲ. ಸರಿದು ಕೂರಿ, ಕಾಲು ತೆಗೀರಿ, ಫ್ಯಾನ್ ಹಾಕಿ ಎಂದು ಜಗಳವಾಡುತ್ತಿದ್ದರು. ನಾನು ಕಾಫಿಗೆ ಇಡಲು ಒಳಗೆ ಓಡಿದೆ. ಮನೆಯಲ್ಲಿ ಇದ್ದದ್ದು ಎರಡೇ ಲೋಟ. ಲೀಲಮ್ಮನ ಮಗಳು ಅವರ ಮನೆಗೆ ಓಡಿಹೋಗಿ ಇನ್ನಷ್ಟು ತಂದಳು.

ಹಾಲು ಉಕ್ಕುವ ಹೊತ್ತಿಗೆ ಹೊರಗೆ ಹೋ ಎಂದು ಕೂಗಿದರು. ಒಲೆ ಆರಿಸಿ ಓಡಿಬಂದೆ. ಟಿವಿಯೊಳಗೆ, ರಸ್ತೆಯ ತುದಿಯಲ್ಲಿ ಧೂಳೆದ್ದಿತ್ತು. ಬಸ್ಸು ಬರುತ್ತಿತ್ತು! ಒಂದು ಕಡೆ ವಾಲಿಕೊಂಡು, ಟಾಪಿನ ಮೇಲೂ ಜನ ತುಂಬಿಕೊಂಡು, ಹಾರನ್ ಬಾರಿಸುತ್ತ ಬಂದು ಬೆಂಚಿನ ಮುಂದೆ ನಿಂತಿತು. ಆಗೊಂದು ಗುಡುಗು. ಈ ಗುಡುಗಿಗೆ ನನ್ನ ತಕರಾರಿಲ್ಲ. ಮುಂದಿನ ಸೀಟಿನಲ್ಲಿ ಬೆತ್ತದ ಕುರ್ಚಿಯ ಅಜ್ಜಿ ಕೂತಿದ್ದಳು, “ನೋಡ್ರೋ, ನಮ್ಮಜ್ಜಿ!” ಎಂದು ದೇವೀರಮ್ಮ ಕೋಲು ಎತ್ತಿ ತೋರಿಸಿದಳು. ಅಜ್ಜಿಯ ಹಿಂದೆ ರತ್ನಮಾಲಾ ಸಕ್ಕರೆ ಡಬ್ಬಿ ತಬ್ಬಿಕೊಂಡು, ಹೇಮಲತಾ ಮೊರ ಹಿಡಿದುಕೊಂಡು, ಅವರ ಪಕ್ಕ ಟೋಪಿಯಿಲ್ಲದ ಪೊಲೀಸು. ಜಲಜಾ ಕಿಟಕಿಯಿಂದ ಕೈ ಚಾಚಿ ಗಂಡನನ್ನು ಕರೆಯುತ್ತಿದ್ದಳು. ಪುಟ್ಟಸ್ವಾಮಿ ಉಳಿದ ಕಡಲೆಕಾಯಿಯನ್ನು ಜೇಬಿಗೆ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ ಎದ್ದ. ಫುಟ್‌ಬೋರ್ಡಿನ ಮೇಲೆ ಅವನು ಕಾಲಿಟ್ಟನೋ ಇಲ್ಲವೋ, ಕಂಡಕ್ಟರ್ ಸೀಟಿ ಊದಿ, “ಒಳಗ್ ಹೋಗಿ, ಒಳಗ್ ಹೋಗಿ, ಇನ್ನೂ ಜಾಗ ಐತೆ!” ಎಂದು ಕೂಗಿದ.

ಮನೆಯೆಲ್ಲ ಚಪ್ಪಾಳೆ. ಮಕ್ಕಳು ಎದ್ದು ನಿಂತು ಕುಣಿದರು. ದೇವೀರಮ್ಮ ಹಿಂದಕ್ಕೆ ತಿರುಗಿ, ಆ ಗದ್ದಲದ ಮೇಲೆ ಗಂಟಲೆತ್ತಿ ಕೇಳಿದಳು. “ಏನೇ ಅಂಬುಜ, ಹೆಂಗಿತ್ತೆ ಕಂತು? ನಿನ್ ಅಭಿಪ್ರಾಯ ಹೇಳೆ!”

ನನ್ನ ಮನೆಯಲ್ಲಿ ನನಗೇ ಕೂರಲು ಜಾಗವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತುದಿಗಾಲ ಮೇಲೆ ನಿಂತಿದ್ದೆ, ಕೈಯಲ್ಲಿ ಕಾಫಿಯ ತಟ್ಟೆ, ಎದುರಿಗೆ ಡ್ರಿಲ್ ಮೇಷ್ಟ್ರ ತಲೆ.

“ಅರ್ಧಂಬರ್ಧ ಕಾಣಿಸ್ತು ದೇವೀರಮ್ಮ,” ಎಂದೆ. “ನಾಳೆ ಎಲ್ರೂ ಮತ್ತೆ ಬನ್ನಿ, ಇನ್ನೊಂದ್ಸಲ ನೋಡಿ ಹೇಳ್ತೀನಿ.”